ತೇವ, ತೊಟ್ಟು, ಎಲ್ಸ್

ಗಣಕಯಂತ್ರಕ್ಕೆ ಕೆಲಸ ಹೇಳುವವರ ಲೋಕದಲ್ಲಿ ದ್ವೈತಾದ್ವೈತಗಳಷ್ಟೇ ಹಠದಿಂದ ವಾದ ನಡೆಯುವ, ಆದರೆ ಅವುಗಳಿಗಿರುವ ಭಾಷ್ಯ ಟೀಕೆಗಳ ಭಾಗ್ಯವಿಲ್ಲದ ಒಂದು ಮತಭೇದವುಂಟು. ಫಂಕ್ಷನ್ ಎಂಬುದು ಒಂದು ಹೆಸರು ಪಡೆದ, ಕೊಟ್ಟ ಸಾಮಗ್ರಿಯನ್ನು ತೆಗೆದುಕೊಂಡು ಗೊತ್ತಾದ ಕೆಲಸ ಮಾಡಿ ಫಲವನ್ನು ಕರೆದವರ ಕೈಗೆ ಒಪ್ಪಿಸುವ ಕೋಡಿನ ತುಣುಕು; ಹಾಗೆ ಒಪ್ಪಿಸಿ ಹೊರಬೀಳುವ ಕ್ರಿಯೆಗೆ ರಿಟರ್ನ್ ಎಂದು ಹೆಸರು. ಬಂದ ಸಾಮಗ್ರಿ ಸರಿಯಿದೆಯೇ ಎಂದು ಕೇಳುವ ಪ್ರಶ್ನೆ ಇಫ್, ಇಲ್ಲದಿದ್ದರೆ ಏನು ಮಾಡಬೇಕೆಂದು ಹೇಳುವ ಭಾಗ ಎಲ್ಸ್. ಇಲ್ಲಿಯವರೆಗೆ ಯಾರಿಗೂ ಯಾರೊಡನೆಯೂ ಜಗಳವಿಲ್ಲ. ಪ್ರಶ್ನೆಗಳು ಎರಡಾಗಿ, ಮೂರಾಗಿ, ಏಳಾದಾಗ ಪಂಥಗಳು ಒಡೆಯುತ್ತವೆ. ಪ್ರತಿಯೊಂದು ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದಾಗಲೂ ಒಂದು ಹೆಜ್ಜೆ ಒಳಗೆ ಸರಿದು, ಆ ಹೌದಿನ ಹೊಟ್ಟೆಯೊಳಗೆ ಮುಂದಿನ ಪ್ರಶ್ನೆಯನ್ನಿಟ್ಟು, ಕೊನೆಗೆ ಎಲ್ಲಕ್ಕಿಂತ ಒಳಗಿನ ಗರ್ಭದಲ್ಲಿ ನಿಜವಾದ ಕೆಲಸವನ್ನು ಮಾಡುವವರದು ಒಂದು ಪಂಥ. ಇವರ ಕೋಡಿಗೆ ನೆಸ್ಟೆಡ್ ಇಫ್ ಎನ್ನುತ್ತಾರೆ. ‘ಇಲ್ಲ’ ಎಂಬ ಉತ್ತರ ಬಂದ ಕ್ಷಣವೇ ಹೊಸ್ತಿಲಲ್ಲೇ ರಿಟರ್ನ್ ಮಾಡಿ ಕಳಿಸಿ, ಎಲ್ಲ ಪ್ರಶ್ನೆಗಳನ್ನು ದಾಟಿ ಉಳಿದದ್ದನ್ನು ಮಾತ್ರ ಎಡ ಅಂಚಿನಲ್ಲೇ ನಿರಾಳವಾಗಿ ನಡೆಸುವವರದು ಇನ್ನೊಂದು ಪಂಥ. ಇವರು ಹಾಕುವ ತಡೆಗೆ ಗಾರ್ಡ್ ಕ್ಲಾಜ್ ಎಂದು ಹೆಸರು. ಅನುಕೂಲಕ್ಕಾಗಿ ಮೊದಲಿನವರನ್ನು ಒಳಸರಿಯುವವರೆಂದೂ ಎರಡನೆಯವರನ್ನು ಹೊಸ್ತಿಲಿನವರೆಂದೂ ಇಲ್ಲಿ ಕರೆಯಲಾಗಿದೆ. ಯಂತ್ರಕ್ಕೆ ಎರಡೂ ಒಂದೇ ಎಂಬ ಸಂಗತಿ ಎರಡೂ ಪಂಥದವರಿಗೆ ಗೊತ್ತಿದೆ. ಆದರೆ ಜಗಳವಾಡುವುದು ಯಂತ್ರವಲ್ಲವಾದ್ದರಿಂದ ಅದರಿಂದ ಪ್ರಯೋಜನವಾಗಿಲ್ಲ.

ಈ ಮತಭೇದದ ದೀಕ್ಷೆ ಎಲ್ಲಿ ಆಗುತ್ತದೆ ಎಂದು ನೋಡಬಯಸುವವರು ಅಮೆರಿಕಕ್ಕೆ ಹೋಗಬೇಕಾದ ಅಗತ್ಯವಿಲ್ಲ, ಹಾವೇರಿ ಜಿಲ್ಲೆ ಸಾಕು. ಹಾವೇರಿಯ ದೇವಗಿರಿಯಲ್ಲಿರುವ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ರಾಣೆಬೆನ್ನೂರಿನ ಶ್ರೀ ತರಳಬಾಳು ಜಗದ್ಗುರು ತಾಂತ್ರಿಕ ವಿದ್ಯಾಲಯ ಎರಡೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಆ ವಿಶ್ವವಿದ್ಯಾಲಯದ ಮೊದಲ ವರ್ಷದ ಸಿ ಭಾಷೆಯ ಪ್ರಯೋಗಾಲಯದಲ್ಲಿ ಪಠ್ಯಕ್ರಮ ಎಷ್ಟು ಬಾರಿ ಬದಲಾದರೂ ಬಹುಕಾಲ ಅಲುಗಾಡದೆ ನಿಂತ ಒಂದು ಪ್ರೋಗ್ರಾಂ ಎಂದರೆ ವರ್ಗ ಸಮೀಕರಣದ ಮೂಲಗಳನ್ನು ಕಂಡುಹಿಡಿಯುವುದು. ಎ, ಬಿ, ಸಿ ಎಂಬ ಮೂರು ಸಂಖ್ಯೆಗಳನ್ನು ತೆಗೆದುಕೊಳ್ಳಬೇಕು; ಎ ಸೊನ್ನೆಯಾದರೆ ಅದು ವರ್ಗ ಸಮೀಕರಣವೇ ಅಲ್ಲ; ಅಲ್ಲವಾದರೆ ಶೋಧಕವನ್ನು, ಎಂದರೆ ಬಿಯ ವರ್ಗದಿಂದ ನಾಲ್ಕು ಎ ಸಿಯನ್ನು ಕಳೆದ ಬೆಲೆಯನ್ನು ಲೆಕ್ಕಹಾಕಿ, ಅದು ಧನವಾದರೆ ಎರಡು ಬೇರೆ ಮೂಲಗಳು, ಸೊನ್ನೆಯಾದರೆ ಸಮ ಮೂಲಗಳು, ಋಣವಾದರೆ ಸಂಕೀರ್ಣ ಮೂಲಗಳು ಎಂದು ಹೇಳಬೇಕು. ಕೆಲಸ ಇಷ್ಟೇ. ಆದರೆ ‘ಎ ಸೊನ್ನೆಯಲ್ಲವಾದರೆ’ ಎಂದು ಆರಂಭಿಸಿದ ವಿದ್ಯಾರ್ಥಿ ಅದರೊಳಗೆ ‘ಶೋಧಕ ಸೊನ್ನೆಯಲ್ಲವಾದರೆ’ ಎಂದು ಬರೆದು, ಅದರೊಳಗೆ ‘ಸೊನ್ನೆಗಿಂತ ಹೆಚ್ಚಾದರೆ’ ಎಂದು ಬರೆದು, ಪ್ರತಿಯೊಂದಕ್ಕೂ ಒಂದು ಟ್ಯಾಬ್ ಒಳಗೆ ಸರಿಯುತ್ತ ಹೋದಾಗ, ಪರದೆಯ ಮೇಲೆ ತೊಂದರೆಯಾಗದಿದ್ದರೂ ಅದನ್ನು ಕೈಬರಹದಲ್ಲಿ ರೆಕಾರ್ಡ್ ಬುಕ್ಕಿಗೆ ಇಳಿಸುವ ದಿನ ಸತ್ಯ ಬಯಲಾಗುತ್ತದೆ. ಪ್ರಿಂಟ್‌ಎಫ್ ಎಂಬ ಮುದ್ರಣದ ಆಜ್ಞೆ ಹಾಳೆಯ ಬಲ ಅಂಚಿಗೆ ಮುಟ್ಟಿ, ಕೆಳಗೆ ಬಾಗಿ, ಕೆಲವೊಮ್ಮೆ ಅಂಚಿನ ಗೆರೆಯನ್ನು ದಾಟಿ ಅಂಕ ಬರೆಯಲು ಮೀಸಲಾದ ಜಾಗಕ್ಕೂ ಕಾಲಿಡುತ್ತದೆ. ಅದರ ಕೆಳಗೆ, ಒಂದೊಂದು ಇಫ್‌ಗೆ ಸೇರಿದ ಸಾಲುಗಳನ್ನು ಸುತ್ತುವರಿದು ಮುಚ್ಚುವ ಪುಷ್ಪಾವರಣಗಳು ಒಂದಾದ ಮೇಲೊಂದು ಎಡಕ್ಕೆ ಇಳಿದು ಬರುವುದನ್ನು ಸ್ವಲ್ಪ ದೂರದಿಂದ ನೋಡಿದರೆ, ಕೋಡು ಬಲಕ್ಕೆ ಗುರಿಯಿಟ್ಟ ಬಾಣದ ಮೊನೆಯಂತೆ ಕಾಣುವುದರಿಂದ ತಿಳಿದವರು ಇದನ್ನು ಬಾಣದ ಆಕಾರದ ಕೋಡು ಎಂದು ಹಳಿಯುತ್ತಾರೆ.

ಹೊಸ್ತಿಲಿನವರ ವಿದ್ಯಾರ್ಥಿಗೆ ಈ ಕಷ್ಟವಿಲ್ಲ; ಅವನು ಮೊದಲ ಸಾಲಿನಲ್ಲೇ ‘ಎ ಸೊನ್ನೆಯಾದರೆ ಹೊರಡು’ ಎಂದು ಬರೆದುಬಿಡುತ್ತಾನೆ. ಅವನ ಕಷ್ಟ ಬೇರೆ. ಸಿ ಭಾಷೆಯಲ್ಲಿ ಸಮವೇ ಎಂದು ಕೇಳಲು ಸಮಚಿಹ್ನೆಯನ್ನು ಎರಡು ಬಾರಿ ಹಾಕಬೇಕು. ಒಂದೇ ಬಾರಿ ಹಾಕಿದರೆ ಅದು ಪ್ರಶ್ನೆಯಾಗದೆ ಆಜ್ಞೆಯಾಗಿ, ಎ ಎಷ್ಟೇ ಇದ್ದರೂ ಅದನ್ನು ಸೊನ್ನೆ ಮಾಡಿ, ಆ ಸೊನ್ನೆಯನ್ನೇ ‘ಸುಳ್ಳು’ ಎಂದು ಅರ್ಥ ಮಾಡಿಕೊಂಡು, ತಡೆಯನ್ನು ತೆರೆದು ಒಳಗೆ ಬಿಡುತ್ತದೆ. ಎಂದರೆ ಅಪರಾಧವಿದೆಯೇ ಎಂದು ನೋಡಬೇಕಾದ ಕಾವಲುಗಾರ ತಾನೇ ಅಪರಾಧವನ್ನು ಮಾಡಿಸಿ ಅನಂತರ ಸಲಾಮು ಹೊಡೆದು ಒಳಗೆ ಕಳಿಸುತ್ತಾನೆ. ಮುಂದೆ ಎರಡು ಎಯಿಂದ ಭಾಗಿಸುವಾಗ ಪರದೆಯ ಮೇಲೆ ಒಂದು ಮೂಲ ಅನಂತವೆಂದೂ ಇನ್ನೊಂದು ಸಂಖ್ಯೆಯೇ ಅಲ್ಲವೆಂದೂ ಉತ್ತರ ಬರುತ್ತದೆ. ಹತ್ತನೆಯ ತರಗತಿಯ ಗಣಿತಕ್ಕಿಂತ ಉಪನಿಷತ್ತಿಗೆ ಹತ್ತಿರವಾದ ಈ ಉತ್ತರಕ್ಕೆ ಪರೀಕ್ಷಕರು ಅಂಕ ಕೊಡುವುದಿಲ್ಲ.

ಒಳಸರಿಯುವವರನ್ನು ಮೂಢರೆಂದು ತಳ್ಳಿಹಾಕುವುದು ಅನ್ಯಾಯ, ಏಕೆಂದರೆ ಅವರ ಹಿಂದೆ ದೊಡ್ಡ ಗುರುಪರಂಪರೆಯಿದೆ. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯ ಇಫ್, ಒಂದು ಬೆಲೆ ಋಣವೋ ಸೊನ್ನೆಯೋ ಧನವೋ ಎಂದು ನೋಡಿ ಪ್ರೋಗ್ರಾಮಿನ ಮೂರು ಬೇರೆ ಬೇರೆ ಸಾಲುಗಳಿಗೆ ಜಿಗಿಸಿಬಿಡುತ್ತಿತ್ತು. ಶೋಧಕದ ಪ್ರಶ್ನೆಗೆ ಹೇಳಿ ಮಾಡಿಸಿದಂತಿದ್ದ ಆ ಇಫ್, ಬೇರೆಡೆಯಲ್ಲೆಲ್ಲ ಓದುಗನನ್ನು ದಾರಿ ತಪ್ಪಿಸುತ್ತಿತ್ತು. ಎಲ್ಲಿಂದೆಲ್ಲಿಗೋ ಜಿಗಿಸುವ ಗೋಟು ಎಂಬ ಆಜ್ಞೆಯ ವಿರುದ್ಧ ಡಚ್ ವಿದ್ವಾಂಸ ಎಡ್ಸ್‌ಖರ್ ಡೈಕ್‌ಸ್ಟ್ರಾ 1968ರ ಮಾರ್ಚ್‌ನಲ್ಲಿ ಒಂದು ಪತ್ರ ಪ್ರಕಟಿಸಿದ. ಅದಕ್ಕೆ ಅವನಿಟ್ಟಿದ್ದ ಸೌಮ್ಯವಾದ ತಲೆಬರಹವನ್ನು ಬದಲಿಸಿ ಗೋಟು ಹಾನಿಕರವೆಂದು ಸಾರುವ ತಲೆಬರಹ ಕೊಟ್ಟವನು ಸಂಪಾದಕ ನಿಕ್ಲಾಸ್ ವಿರ್ಥ್. ಶಾಪವೊಂದು ನಾಲ್ಕು ಕಾಲ ಉಳಿಯಬೇಕಾದರೆ ಋಷಿಯಷ್ಟೇ ಸಂಪಾದಕನೂ ಮುಖ್ಯ. ಆ ಕಾಲದ ಸ್ಟ್ರಕ್ಚರ್ಡ್ ಪ್ರೋಗ್ರಾಮಿಂಗ್ ಎಂಬ ಶಿಸ್ತು, ಕೋಡಿನ ಪ್ರತಿಯೊಂದು ಭಾಗಕ್ಕೂ ಒಂದೇ ಪ್ರವೇಶ ಒಂದೇ ನಿರ್ಗಮನ ಇರಬೇಕೆಂದು ಬಯಸಿತು. ಗೋಟುವಿನ ಕಾಡಿನಲ್ಲಿ ಅಲೆದವರಿಗೆ ಅದು ನಿಜವಾಗಿಯೂ ಬಿಡುಗಡೆಯಾಗಿತ್ತು. ಆದರೆ ಎಲ್ಲ ಆಚಾರಗಳ ಗತಿಯೇ ಇದಕ್ಕೂ ಆಗಿ, ಕಾರಣ ಮರೆತು ಮಡಿ ಮಾತ್ರ ಉಳಿಯಿತು. ಫಂಕ್ಷನ್ನಿನ ನಡುವೆ ರಿಟರ್ನ್ ಬರೆಯುವುದು ತಪ್ಪೆಂದು ಹೇಳಿಸಿಕೊಂಡವರು ಏಕೆ ತಪ್ಪೆಂದು ಕೇಳದೆ ತಮ್ಮ ಶಿಷ್ಯರಿಗೂ ಅದನ್ನೇ ಹೇಳಿದರು. ವಾಹನಗಳ ತಂತ್ರಾಂಶಕ್ಕಾಗಿ ಹುಟ್ಟಿದ ಮಿಸ್ರಾ ಎಂಬ ನಿಯಮಾವಳಿಯಲ್ಲಿ ಒಂದೇ ನಿರ್ಗಮನದ ನಿಯಮ 2004ರ ಆವೃತ್ತಿಯಲ್ಲಿ ಕಡ್ಡಾಯವಾಗಿದ್ದು 2012ರ ಆವೃತ್ತಿಯಲ್ಲಿ ಸಲಹೆಯಾಗಿ ಇಳಿದಿದೆ. ಮಡಿಯೂ ಕೆಲವೊಮ್ಮೆ ಸಡಿಲವಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಕನ್ನಡದ ವಾಕ್ಯ ಹುಟ್ಟಿನಿಂದಲೇ ಈ ಹಳೆಯ ಪಂಥಕ್ಕೆ ಸೇರಿದ್ದೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ. ಕ್ರಿಯಾಪದ ಕೊನೆಯಲ್ಲೇ ಬರುವುದರಿಂದ, ಬಂದರೆ, ಇದ್ದರೆ, ಆಗಿದ್ದರೆ ಎಂಬ ಷರತ್ತುಗಳನ್ನೆಲ್ಲ ಓದುಗ ಎದೆಗವುಚಿಕೊಂಡು ಪೂರ್ಣವಿರಾಮದವರೆಗೆ ನಡೆಯಬೇಕು, ಅಲ್ಲಿಯೇ ಅವನಿಗೆ ಒಂದೇ ಬಾಗಿಲು. ಸರ್ಕಾರಿ ಆದೇಶವೊಂದನ್ನು ಓದಿದವರಿಗೆ ಆ ಬಾಗಿಲು ತಲುಪುವ ಹೊತ್ತಿಗೆ ಮೊದಲ ಷರತ್ತು ಮರೆತಿರುತ್ತದೆ, ಪ್ರಸ್ತುತ ಪ್ರಬಂಧದ ಓದುಗರಿಗೂ ಈ ಅನುಭವ ಆಗಿರಬಹುದು. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ಕೋಡು ಬರೆಯುವವರಿಗಾಗಿ ಇರುವ ಶೈಲಿಯ ಕೈಪಿಡಿ ಈ ಒಳಸರಿಯುವ ಚಾಳಿಗೆ ಕಟುವಾದ ಮದ್ದು ಕೊಡುತ್ತದೆ: ಪ್ರತಿ ಹಂತಕ್ಕೂ ಎಂಟು ಅಕ್ಷರದಷ್ಟು ಒಳಗೆ ಸರಿಯಬೇಕು, ಮೂರು ಹಂತಕ್ಕಿಂತ ಹೆಚ್ಚು ಬೇಕಾದರೆ ಪ್ರೋಗ್ರಾಮನ್ನೇ ತಿದ್ದಿಕೊಳ್ಳಬೇಕು. ಹಾವೇರಿ ಜಿಲ್ಲೆಯಲ್ಲಿ ಈ ಮಿತಿ ಹೊಸದೇನೂ ಅಲ್ಲ. ಹಿರೇಕೆರೂರು ತಾಲ್ಲೂಕಿನ ಅಬಲೂರಿನ ನಂಟಿರುವ ಸರ್ವಜ್ಞ ಹೇಳಬೇಕಾದ್ದನ್ನೆಲ್ಲ ಮೂರು ಸಾಲಿನಲ್ಲಿ ಮುಗಿಸಿ ನಾಲ್ಕನೆಯದಕ್ಕೆ ಕೈಹಾಕಲಿಲ್ಲ.

ಆದರೂ ಈ ವಾದದ ತಿರುಳನ್ನು ತಿಳಿಯಲು ಕಾಲೇಜಿನ ಪ್ರಯೋಗಾಲಯಕ್ಕಿಂತ ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆ ಹೆಚ್ಚು ಯೋಗ್ಯವಾದ ಸ್ಥಳ. ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ಹೆದ್ದಾರಿಯಲ್ಲಿ ಮೋಟೆಬೆನ್ನೂರಿನ ಬಳಿ ಹೊರಳಿದರೆ, ಸುಗ್ಗಿಯ ತಿಂಗಳುಗಳಲ್ಲಿ ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬೀಳುತ್ತದೆ. ಕಡುಕೆಂಪು ಬಣ್ಣ, ಸುಕ್ಕುಗಟ್ಟಿದ ಮೈ, ಮಂದವಾದ ಖಾರ ಇವು ಬ್ಯಾಡಗಿ ಮೆಣಸಿನಕಾಯಿಯ ಲಕ್ಷಣಗಳು; ಒಂದು ಊರಿನ ಹೆಸರಿನ ಮೇಲೆ ಆ ಸೀಮೆಯ ಬೆಳೆಗಾರರಿಗೆ ಕಾನೂನಿನ ಹಕ್ಕು ಕೊಡುವ ಭೌಗೋಳಿಕ ಸೂಚಕದ ಮಾನ್ಯತೆ ಇದಕ್ಕೆ 2011ರಲ್ಲಿ ದೊರೆಯಿತು. ಗಿಡ್ಡಗೆ ದಪ್ಪಗಿರುವುದು ಡಬ್ಬಿ, ಉದ್ದಗೆ ತೆಳ್ಳಗಿರುವುದು ಕಡ್ಡಿ. ಇದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಬಣ್ಣದ ಎಣ್ಣೆ ತಿನಿಸುಗಳಿಗಷ್ಟೇ ಅಲ್ಲದೆ ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಸೇರುತ್ತದೆ.

ರೈತ ತಂದ ಚೀಲಗಳು ದಲಾಲಿ ಅಂಗಡಿಯ ಮುಂದೆ ಲಾಟುಗಳಾಗಿ, ಎಂದರೆ ಒಂದು ಸಂಖ್ಯೆ ಪಡೆದ ರಾಶಿಗಳಾಗಿ ನಿಂತ ಮೇಲೆ ಖರೀದಿದಾರ ಬರುತ್ತಾನೆ. ಅವನ ತಪಾಸಣೆಯ ಕ್ರಮವನ್ನು ಗಮನಿಸಿದ ಯಾರಿಗಾದರೂ ಅವನು ಹೊಸ್ತಿಲಿನವರ ಪಂಥದವನೆಂಬುದರಲ್ಲಿ ಅನುಮಾನವೇ ಉಳಿಯುವುದಿಲ್ಲ. ಚೀಲದೊಳಗೆ ಕೈಹಾಕಿ ಒಂದು ಹಿಡಿ ಕಾಯಿ ತೆಗೆದು ಹಿಸುಕುತ್ತಾನೆ. ಒಣಗಿದ ಕಾಯಿಯ ಸದ್ದು ಬಾರದಿದ್ದರೆ ‘ಹಸಿ ಐತ್ರೀ’ ಎಂದು ಕೈ ಝಾಡಿಸಿ ಮುಂದಿನ ಲಾಟಿಗೆ ಹೊರಟುಬಿಡುತ್ತಾನೆ. ತೇವವಿರುವ ಕಾಯಿಯ ಬಣ್ಣ ಎಷ್ಟು, ಬೀಜ ಎಷ್ಟು, ಡಬ್ಬಿಯೋ ಕಡ್ಡಿಯೋ, ಯಾವ ಊರಿನದು ಎಂದೆಲ್ಲ ವಿಚಾರಿಸಿ, ಎಲ್ಲಕ್ಕೂ ಉತ್ತರ ಪಡೆದು, ಆಮೇಲೆ ಕೊನೆಯ ಎಲ್ಸ್‌ನಲ್ಲಿ ‘ಆದರೆ ಇದು ಹಸಿ’ ಎಂದು ಹೇಳುವ ಖರೀದಿದಾರನನ್ನು ಬ್ಯಾಡಗಿ ಇನ್ನೂ ಕಂಡಿಲ್ಲ. ಕಂಡಿದ್ದರೆ ಅವನು ಸಂಜೆಯವರೆಗೆ ಎರಡು ಲಾಟನ್ನೂ ನೋಡಿ ಮುಗಿಸುತ್ತಿರಲಿಲ್ಲ. ತೇವ ಮೊದಲ ಪ್ರಶ್ನೆಯಾಗುವುದಕ್ಕೆ ಕಾರಣ ಎರಡು: ಅದನ್ನು ನೋಡಲು ಒಂದು ಹಿಸುಕು ಸಾಕು, ಮತ್ತು ಅದಕ್ಕೆ ‘ಹಸಿ’ ಎಂಬ ಉತ್ತರ ಬಂದರೆ ಉಳಿದ ಪ್ರಶ್ನೆಗಳಿಗೆ ಅರ್ಥವೇ ಇರುವುದಿಲ್ಲ, ಏಕೆಂದರೆ ಹಸಿ ಕಾಯಿ ಶೀತಲಗೃಹದಲ್ಲಿ ಬೂಸು ಹಿಡಿಯುತ್ತದೆ, ತೂಕದಲ್ಲಿ ನೀರಿಗೂ ದರ ಕೊಟ್ಟಂತಾಗುತ್ತದೆ. ಅಗ್ಗವಾದದ್ದು ಮೊದಲು, ಉಳಿದವನ್ನು ಅರ್ಥಹೀನ ಮಾಡುವಂಥದ್ದು ಅದಕ್ಕೂ ಮೊದಲು ಎಂಬ ಈ ಕ್ರಮವನ್ನು ಪ್ರಯೋಗಾಲಯದ ಕೈಪಿಡಿಗಳು ವಿವರಿಸುವುದಿಲ್ಲ. ಬಣ್ಣದ ಸಾಂದ್ರತೆಯನ್ನು ಆಸ್ಟಾ ಎಂಬ ಮಾನದಲ್ಲಿ ಅಳೆಯುವ ಪರೀಕ್ಷೆ ಪ್ರಯೋಗಶಾಲೆಯಲ್ಲಿ ಆಗಬೇಕಾದ್ದು, ಹೊತ್ತು ಹಿಡಿಯುವಂಥದ್ದು. ಅದನ್ನು ಮೊದಲ ಸಾಲಿನಲ್ಲಿಟ್ಟು ತೇವವನ್ನು ಕೊನೆಗಿಟ್ಟ ಫಂಕ್ಷನ್ ಸರಿಯಾದ ಉತ್ತರವನ್ನೇ ಕೊಡುತ್ತದೆ, ಆದರೆ ಆ ಹೊತ್ತಿಗೆ ಲಾಟು ಬೇರೆಯವರ ಲಾರಿ ಹತ್ತಿರುತ್ತದೆ.

ಈಗ ಡಬ್ಬಿ ಕಡ್ಡಿಗಳ ಪ್ರಶ್ನೆ. ಇದು ತೇವದ ಪ್ರಶ್ನೆಯಂಥದ್ದಲ್ಲ. ಡಬ್ಬಿ ಎಂದು ತಿಳಿದ ಖರೀದಿದಾರ ಒಂದು ದರ ಮನಸ್ಸಿನಲ್ಲಿಡುತ್ತಾನೆ, ಕಡ್ಡಿ ಎಂದು ತಿಳಿದರೆ ಇನ್ನೊಂದು, ಎರಡೂ ವ್ಯಾಪಾರವೇ. ಇಲ್ಲಿ ಇಫ್‌ಗೂ ಎಲ್ಸ್‌ಗೂ ಸಮಾನ ಗೌರವ ಸಲ್ಲಬೇಕು, ಅವು ಒಂದೇ ಮಟ್ಟದಲ್ಲಿ ಅಕ್ಕಪಕ್ಕ ನಿಲ್ಲಬೇಕು. ಹೊಸ್ತಿಲಿನವರಲ್ಲಿ ಹೊಸದಾಗಿ ದೀಕ್ಷೆ ಪಡೆದವರು ಎಲ್ಸ್ ಕಂಡಲ್ಲೆಲ್ಲ ಕಿತ್ತುಹಾಕುವ ಉತ್ಸಾಹದಲ್ಲಿ ‘ಕಡ್ಡಿಯಾದರೆ ಇಷ್ಟು ದರ, ರಿಟರ್ನ್’ ಎಂದು ಬರೆದಾಗ, ಓದುವವನಿಗೆ ಕಡ್ಡಿ ಏನೋ ದೋಷವುಳ್ಳ ಕಾಯಿಯೆಂದೂ ಡಬ್ಬಿಯೊಂದೇ ನಿಜವಾದ ಬ್ಯಾಡಗಿಯೆಂದೂ ಭಾವನೆ ಬರುತ್ತದೆ. ಯಂತ್ರಕ್ಕೆ ನೋವಾಗದಿದ್ದರೂ ಕಡ್ಡಿ ಬೆಳೆದವನಿಗೆ ಆಗುವ ನೋವು ಸಣ್ಣದಲ್ಲ. ವರ್ಗ ಸಮೀಕರಣದ ಪ್ರೋಗ್ರಾಮಿನಲ್ಲೂ ಇದೇ ಅಪಚಾರ ನಡೆಯುತ್ತದೆ. ಎ ಸೊನ್ನೆಯಾಗುವುದು ನಿರಾಕರಣೆ, ಅದು ಹೊಸ್ತಿಲಲ್ಲಿ ಇರಲಿ. ಶೋಧಕ ಋಣವಾಗುವುದು ಮಾತ್ರ ನಿರಾಕರಣೆಯಲ್ಲ, ಆಗ ಸಂಕೀರ್ಣ ಮೂಲಗಳೆಂಬ ಪೂರ್ಣವಾದ ಉತ್ತರವೇ ಇದೆ. ಆದರೂ ಎಷ್ಟೋ ರೆಕಾರ್ಡ್ ಬುಕ್ಕುಗಳಲ್ಲಿ ‘ಮೂಲಗಳು ಕಾಲ್ಪನಿಕ’ ಎಂದು ಮುದ್ರಿಸಿ, ಲೆಕ್ಕವನ್ನೇ ಮಾಡದೆ, ತಪ್ಪಿತಸ್ಥನನ್ನು ಹೊರಗಟ್ಟುವ ರೀತಿಯಲ್ಲಿ ಪ್ರೋಗ್ರಾಮನ್ನು ಮುಗಿಸಿರುವುದುಂಟು. ಮಾರ್ಟಿನ್ ಫೌಲರ್ ಎಂಬ ಲೇಖಕ ಕೋಡಿನ ದುರಸ್ತಿಯ ಕುರಿತು 1999ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನೆಸ್ಟೆಡ್ ಇಫ್‌ಗಳನ್ನು ಗಾರ್ಡ್ ಕ್ಲಾಜುಗಳಾಗಿ ಮಾರ್ಪಡಿಸುವ ವಿಧಾನ ಹೇಳುವಾಗ ಈ ಭೇದವನ್ನೇ ಮುಂದಿಟ್ಟಿದ್ದ: ಎರಡು ದಾರಿಗಳೂ ಸಹಜವಾದವಾದರೆ ಇಫ್ ಎಲ್ಸ್, ಒಂದು ಅಪರೂಪದ್ದಾದರೆ ಗಾರ್ಡ್. ಶಿಷ್ಯರು ಎರಡನೆಯ ಅರ್ಧವನ್ನು ಮಾತ್ರ ಕಂಠಪಾಠ ಮಾಡಿದರು.

ಯಾವುದು ನಿರಾಕರಣೆ, ಯಾವುದು ಆಯ್ಕೆ ಎಂಬುದು ಕಾಯಿಯ ಮೇಲೆ ಬರೆದಿರುವುದಿಲ್ಲ ಎಂಬಲ್ಲಿ ವಿಷಯ ಇನ್ನಷ್ಟು ತೊಡಕಾಗುತ್ತದೆ. ಬಣ್ಣ ಹಾರಿ ಬಿಳಿಚಿಕೊಂಡ ಕಾಯಿಯನ್ನು ಓಲಿಯೋರೆಸಿನ್ ತೆಗೆಯುವವನು ಮುಟ್ಟುವುದಿಲ್ಲ, ಅವನಿಗೆ ಬೇಕಾದದ್ದು ಬಣ್ಣವೇ. ಅಗ್ಗದ ಖಾರದಪುಡಿ ಮಾಡುವವನು ಅದಕ್ಕೂ ಒಂದು ದರ ಹೇಳುತ್ತಾನೆ. ತೊಟ್ಟು ಇರುವ ಕಾಯಿ ಒಬ್ಬನಿಗೆ ದೋಷ, ತೊಟ್ಟು ಬಿಡಿಸುವ ಹೆಂಗಸರಿಗೆ ಕೂಲಿ ಕೊಡಲು ಸಿದ್ಧನಿರುವವನಿಗೆ ಬರೀ ಲೆಕ್ಕದ ಸಾಲು. ಆದ್ದರಿಂದ ಒಂದು ತಪಾಸಣೆ ಬಾಗಿಲಲ್ಲಿ ಇರಬೇಕೇ ಒಳಗೆ ಇರಬೇಕೇ ಎಂದು ಕೇಳುವವರು ಮೊದಲು ಆ ಫಂಕ್ಷನ್ ಯಾರ ಅಂಗಡಿಯದೆಂದು ಹೇಳಬೇಕು. ಇ-ಟೆಂಡರ್ ಎಂಬ, ವ್ಯಾಪಾರಿಗಳು ಗಣಕದ ಮೂಲಕ ಲಾಟಿಗೆ ದರ ನಮೂದಿಸುವ ವ್ಯವಸ್ಥೆಯನ್ನು ತೆಗೆದುಕೊಂಡರೆ, ಟೆಂಡರ್ ಸಮಯ ಮುಗಿದಿದೆಯೇ, ಲಾಟಿನ ಸಂಖ್ಯೆ ಇದೆಯೇ, ವ್ಯಾಪಾರಿಗೆ ಪರವಾನಗಿ ಇದೆಯೇ ಎಂಬಂಥವು ನಿರ್ವಿವಾದವಾಗಿ ಹೊಸ್ತಿಲಿನ ಪ್ರಶ್ನೆಗಳು. ಕ್ವಿಂಟಲ್ ದರಕ್ಕೆ ಕೈತಪ್ಪಿ ಒಂದು ಸೊನ್ನೆ ಹೆಚ್ಚು ಬಿದ್ದರೆ? ಸಂಖ್ಯೆ ಸರಿಯಾಗಿಯೇ ಇದೆ, ಹೊರಗಟ್ಟುವಂತಿಲ್ಲ. ಒಪ್ಪಿಕೊಂಡರೆ ವ್ಯಾಪಾರಿಯ ಮನೆ ಮಾರಬೇಕಾಗುತ್ತದೆ. ಅಲ್ಲಿ ಬೇಕಾದದ್ದು ‘ಹೌದಾ?’ ಎಂದು ಇನ್ನೊಮ್ಮೆ ಕೇಳುವ ಮೂರನೆಯ ಬಗೆ, ಮತ್ತು ಅದಕ್ಕೆ ಎರಡೂ ಪಂಥಗಳಲ್ಲಿ ಮಂತ್ರವಿಲ್ಲ.

ಹೊಸ್ತಿಲಿನಲ್ಲಿ ಸಾಲಾಗಿ ಕಾವಲು ನಿಲ್ಲಿಸಿದ ಮಾತ್ರಕ್ಕೆ ಕ್ಷೇಮವೆಂದು ತಿಳಿದವರಿಗೆ 2014ರ ಫೆಬ್ರವರಿಯಲ್ಲಿ ಆಪಲ್ ಕಂಪನಿಯ ಫೋನು ಗಣಕಗಳಲ್ಲಿ ಬೆಳಕಿಗೆ ಬಂದ ದೋಷ ಪಾಠವಾಗಬೇಕು. ಜಾಲದ ಇನ್ನೊಂದು ತುದಿಯಲ್ಲಿರುವವನು ನಿಜವಾದವನೇ ಎಂದು ಪರೀಕ್ಷಿಸುವ ಫಂಕ್ಷನ್ನಿನಲ್ಲಿ ಒಂದರ ಕೆಳಗೊಂದು ಇಫ್‌ಗಳು, ಪ್ರತಿಯೊಂದರ ಕೆಳಗೂ ‘ಸೋತರೆ ಕೊನೆಗೆ ಜಿಗಿ’ ಎಂಬ ಒಂದು ಸಾಲು ಇದ್ದವು. ಅವುಗಳಲ್ಲಿ ಒಂದರ ಕೆಳಗೆ ಆ ಸಾಲು ಹೇಗೋ ಎರಡು ಬಾರಿ ಬಿದ್ದಿತ್ತು. ಪುಷ್ಪಾವರಣ ಹಾಕಿರಲಿಲ್ಲವಾದ್ದರಿಂದ ಎರಡನೆಯ ಸಾಲಿಗೆ ಯಾವ ಷರತ್ತೂ ಅನ್ವಯಿಸದೆ, ಸೋಲಲಿ ಗೆಲ್ಲಲಿ ಎಲ್ಲರೂ ಅಲ್ಲಿಂದ ಕೊನೆಗೆ ಜಿಗಿದರು. ಅಷ್ಟರವರೆಗೆ ಯಾವ ತಪ್ಪೂ ದಾಖಲಾಗಿರದ ಕಾರಣ ‘ಎಲ್ಲ ಸರಿ’ ಎಂಬ ಉತ್ತರದೊಡನೆ ಹೊರಬಂದರು. ಎಲ್ಲಕ್ಕಿಂತ ಮುಖ್ಯವಾದ ಕೊನೆಯ ತಪಾಸಣೆ, ಯಾರೂ ಬಾರದ ಕೌಂಟರಿನಂತೆ, ಕೆಳಗೆ ಸುಮ್ಮನೆ ಕುಳಿತಿತ್ತು. ಒಳಗೆ ಸರಿಸಿ ಬರೆದಿದ್ದ ಆ ಎರಡು ಸಾಲುಗಳು ಕಣ್ಣಿಗೆ ಜೋಡಿಯಾಗಿ ಒಂದೇ ಇಫ್‌ಗೆ ಸೇರಿದಂತೆ ಕಾಣುತ್ತಿದ್ದವು ಎಂಬುದು ಇದರಲ್ಲಿನ ವಿಡಂಬನೆ.

ಆದರೂ ಒಂದೇ ನಿರ್ಗಮನದ ಪಕ್ಷದಲ್ಲಿ, ಮಡಿಯ ಮಾತನ್ನು ಬಿಟ್ಟು, ಒಂದು ಗಟ್ಟಿಯಾದ ವಾದ ಉಳಿದಿದೆ, ಮತ್ತು ಅದೂ ಮಾರುಕಟ್ಟೆಯಲ್ಲೇ ಸಿಗುತ್ತದೆ. ಟೆಂಡರಿನಲ್ಲಿ ಬಂದ ದರ ಒಪ್ಪಿಗೆಯಾಗದಿದ್ದರೆ ರೈತ ಲಾಟನ್ನು ಕೊಡದೆ ಶೀತಲಗೃಹಕ್ಕೆ ಸಾಗಿಸಬಹುದು. ಆದರೆ ಲಾರಿಯಿಂದ ಚೀಲ ಇಳಿಸಿದ ಹಮಾಲರ ಕೂಲಿ, ವ್ಯಾಪಾರ ಕುದುರಲಿ ಬಿಡಲಿ, ಬಾಕಿ ಉಳಿಯುವುದಿಲ್ಲ. ಸಿ ಭಾಷೆಯಲ್ಲೂ ಕೆಲಸದ ಆರಂಭದಲ್ಲಿ ಫೈಲನ್ನು ತೆರೆದು ನೆನಪಿನ ಜಾಗವನ್ನು ಕೇಳಿ ಪಡೆದ ಫಂಕ್ಷನ್, ಹೊರಹೋಗುವಾಗ ಫೈಲನ್ನು ಮುಚ್ಚಿ ಜಾಗವನ್ನು ಹಿಂದಿರುಗಿಸಬೇಕು. ಹತ್ತು ಕಡೆ ರಿಟರ್ನ್ ಇದ್ದರೆ ಹತ್ತು ಕಡೆಯೂ ಈ ಬಾಕಿ ತೀರಿಸಬೇಕು, ಒಂದು ಕಡೆ ಮರೆತರೂ ಪ್ರೋಗ್ರಾಂ ದಿನಗಟ್ಟಲೆ ಓಡುತ್ತ ನೆನಪನ್ನು ತಿಂದು ಕೊನೆಗೊಂದು ದಿನ ಬಿದ್ದುಹೋಗುತ್ತದೆ. ಸಾಲ ಮಾಡುವ ಮೊದಲಿನ ನಿರಾಕರಣೆಗಳಿಗೆ ರಿಟರ್ನ್ ಸಾಕು, ಸಾಲ ಮಾಡಿದ ಮೇಲಿನವಕ್ಕೆ ಒಂದೇ ಬಾಗಿಲು ಕ್ಷೇಮ. ಹೊಸ ಭಾಷೆಗಳು ಈ ಬಾಕಿಯನ್ನು ತಾವೇ ತೀರಿಸುವ ಏರ್ಪಾಡು ಮಾಡಿಕೊಂಡಿವೆ. ಸಿ ಭಾಷೆಗೆ ಆ ಭಾಗ್ಯವಿಲ್ಲ. ಅಲ್ಲಿ ಲಿನಕ್ಸ್ ಕರ್ನೆಲ್ ಬರೆಯುವವರು ಫಂಕ್ಷನ್ನಿನ ತುದಿಯಲ್ಲಿ ಬಾಕಿ ತೀರಿಸುವ ಸಾಲುಗಳನ್ನು ಒಂದೆಡೆ ಕೂಡಿಟ್ಟು, ಎಲ್ಲಿ ಸೋತರೂ ಅಲ್ಲಿಗೆ ಬರುವಂತೆ ಮಾಡಿದ್ದಾರೆ, ಮತ್ತು ಹಾಗೆ ಬರಲು ಅವರು ಬಳಸುವುದು ಡೈಕ್‌ಸ್ಟ್ರಾ ಶಪಿಸಿದ ಅದೇ ಗೋಟುವನ್ನು. ಅವರ ಶೈಲಿಯ ಕೈಪಿಡಿಯೇ ಅದಕ್ಕೆ ಅನುಮತಿ ಕೊಟ್ಟಿದೆ. ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿ ಗೋಟುವನ್ನು ಏಕೆ ಬಳಸಬಾರದೆಂದು ಕೇಳಿದಾಗ ರಾಣೆಬೆನ್ನೂರಿನ ಯಾವನಾದರೂ ವಿದ್ಯಾರ್ಥಿ ಈ ಸಂಗತಿಯನ್ನು ಹೇಳಿದರೆ ಪೂರ್ಣ ಅಂಕ ಬರುವುದು ಖಂಡಿತ, ಪರೀಕ್ಷಕರು ಬೆಂಗಳೂರಿನಿಂದ ಬಂದಿಲ್ಲದಿದ್ದರೆ, ಬಂದಿದ್ದರೂ ಹಿಂದಿರುಗುವ ರೈಲಿಗೆ ಹೊತ್ತಾಗಿಲ್ಲದಿದ್ದರೆ, ಹೊತ್ತಾಗಿಲ್ಲದಿದ್ದರೂ ಅವರಿಗೆ ಊಟವಾಗಿದ್ದರೆ.